ನನ್ನ ಎಂಆರ್‌ಐ ಚಿತ್ರದ ಹಕ್ಕುಸ್ವಾಮ್ಯ ಯಾರದು?

ನಿಮ್ಮ ದೇಹದ ಚಿತ್ರ ಎಂದ ಮಾತ್ರಕ್ಕೆ ಹಕ್ಕುಸ್ವಾಮ್ಯ ನಿಮ್ಮದಾಗುವುದಿಲ್ಲ. ಹಾಗಂತ ಆಸ್ಪತ್ರೆಯದ್ದೂ ಅನ್ನುವಂತಿಲ್ಲ, ಎಷ್ಟೋ ಕಡೆ ಅದು ಯಾರದ್ದೂ ಅಲ್ಲ!

ಹಕ್ಕುಸ್ವಾಮ್ಯ ಹುಟ್ಟಬೇಕಾದರೆ ಮನುಷ್ಯನ ಸ್ವಂತಿಕೆ ಒಂದಿಷ್ಟಾದರೂ ಬೇಕು. ಎದೆಯ ಎಕ್ಸ್‌ರೇ ನೋಡಿ: ತಂತ್ರಜ್ಞರು ನಿಮ್ಮನ್ನು ಫಲಕಕ್ಕೆ ಒತ್ತಿ ನಿಲ್ಲಿಸಿ, ಉಸಿರು ಬಿಗಿಹಿಡಿಯಿರಿ ಎಂದು ಗುಂಡಿ ಒತ್ತುತ್ತಾರೆ. ನಿಲ್ಲುವ ಭಂಗಿ, ದೂರ, ಕೋನ ಎಲ್ಲ ಮೊದಲೇ ನಿಗದಿ. ಕೌಶಲ ಬೇಕು ನಿಜ, ಕಲ್ಪನೆಗೆ ಜಾಗವಿಲ್ಲ. ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯ ಕೈಪಿಡಿ ಎಕ್ಸ್‌ರೇ, ಅಲ್ಟ್ರಾಸೌಂಡ್, ಎಂಆರ್‌ಐ ಚಿತ್ರಗಳನ್ನು ನೋಂದಣಿಗೆ ಅರ್ಹವಲ್ಲದವುಗಳ ಸಾಲಿಗೇ ಸೇರಿಸಿದೆ. ಆದರೆ ಜರ್ಮನಿಯಲ್ಲಿ ಸ್ವಂತಿಕೆಯಿಲ್ಲದ ಸಾದಾ ಫೋಟೋಗಳಿಗೂ 50 ವರ್ಷದ ರಕ್ಷಣೆಯಿದೆ. ಎಕ್ಸ್‌ರೇಯೂ ಅದರಡಿ ಬರುತ್ತದೆ ಎಂಬ ವಾದಕ್ಕೆ ಅಲ್ಲಿ ಬಲವಿದೆ. ರೇಡಿಯಾಲಜಿಸ್ಟ್ ಬರೆದ ವಿವರವಾದ ವರದಿ ಬೇರೆಯೇ, ಅದು ಬರವಣಿಗೆ.

ಪ್ರತಿ ಪಡೆಯುವುದಕ್ಕೆ ಇದ್ಯಾವುದೂ ಅಡ್ಡಿಯಲ್ಲ. ವೈದ್ಯಕೀಯ ದಾಖಲೆಯ ಮೊದಲ ಪ್ರತಿಯನ್ನು ರೋಗಿಗೆ ಉಚಿತವಾಗಿ ಕೊಡಬೇಕೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2023ರಲ್ಲಿ ಹೇಳಿತು. ಬೇರೆಯವರ ಸ್ಕ್ಯಾನ್ ಪ್ರಕಟಿಸುವವರಿಗೆ ನಿಜವಾದ ತೊಡಕು ಖಾಸಗಿತನದ ಕಾನೂನು: ಸ್ಕ್ಯಾನ್ ಚಿತ್ರಗಳನ್ನು ಉಳಿಸಿಡುವ ಡೈಕಾಮ್ ಎಂಬ ಮಾದರಿಯ ಕಡತದೊಳಗೆ ರೋಗಿಯ ಹೆಸರು, ಹುಟ್ಟಿದ ದಿನಾಂಕ ಸಾಮಾನ್ಯವಾಗಿ ಇದ್ದೇ ಇರುತ್ತವೆ.