ಪದಾಂತ್ಯಗಳ ಪಟ್ಟಿಯನ್ನು ಕಂಠಪಾಠ ಮಾಡಿದರೆ ಸ್ಕ್ರ್ಯಾಬಲ್‌ನಲ್ಲಿ ಅಂಕ ಹೆಚ್ಚುತ್ತದೆಯೇ?

ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲಿಟ್ಟು ಪದ ಕಟ್ಟುವ ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿ ಹೆಚ್ಚು ಅಂಕ ಗಳಿಸಲು ಯಾವ ಪದಾಂತ್ಯಗಳನ್ನು ಮೊದಲು ಕಂಠಪಾಠ ಮಾಡಬೇಕು ಎಂದು ಕೇಳಿದ್ದೀರಿ. ನಾನು ಐ-ಎನ್-ಜಿಯಿಂದ ಆರಂಭಿಸಿದ್ದೆ. ಗೆಲ್ಲಲೇಬೇಕೆಂದು ಬಹಳ ಆಸೆಪಟ್ಟಿದ್ದ ಒಂದು ಪಂದ್ಯವನ್ನು ಸೋತದ್ದೂ ಅದರಿಂದಲೇ.

ಆ ಪಂದ್ಯದಲ್ಲಿ ಚೀಲದಿಂದ ಮೊದಲು ತೆಗೆದ ಏಳು ಬಿಲ್ಲೆಗಳಲ್ಲೇ ಈ ಮೂರು ಅಕ್ಷರಗಳು ಬಂದಿದ್ದವು. ಅವನ್ನು ರ‍್ಯಾಕಿನ ಬಲತುದಿಗೆ ಸರಿಸಿಟ್ಟು, ಉಳಿದ ನಾಲ್ಕು ಬಿಲ್ಲೆಗಳು ಯಾವಾಗ ಒಂದು ಕ್ರಿಯಾಪದವಾಗಿ ಕೂಡುತ್ತವೆಯೋ ಆಗ ಏಳನ್ನೂ ಒಟ್ಟಿಗೆ ಇಟ್ಟು 50 ಅಂಕಗಳ ಬೋನಸ್ ಪಡೆಯುವೆನೆಂದು ನಿರ್ಧರಿಸಿದೆ. ಆ ನಿರ್ಧಾರದ ಬೆಲೆಯನ್ನು ಮಾತ್ರ ಎಣಿಸಲಿಲ್ಲ. ಮೂರು ಬಿಲ್ಲೆಗಳನ್ನು ಕಟ್ಟಿಟ್ಟುಕೊಂಡವರು ಏಳು ಬಿಲ್ಲೆಗಳ ಆಟವನ್ನು ನಾಲ್ಕರಲ್ಲಿ ಆಡುತ್ತಿರುತ್ತಾರೆ. ಪ್ರತಿ ಸರದಿಯಲ್ಲಿ ನಾನು ಎರಡು ಮೂರು ಅಕ್ಷರಗಳ ಚಿಕ್ಕ ಪದಗಳನ್ನಷ್ಟೇ ಇಟ್ಟೆ. ಇಟ್ಟಷ್ಟೇ ಹೊಸ ಬಿಲ್ಲೆ ತೆಗೆಯಬಹುದಾದ್ದರಿಂದ ಚೀಲದಿಂದ ನನಗೆ ಬಂದವೂ ಅಷ್ಟೇ. ಎದುರಾಳಿ ನಾಲ್ಕೈದು ಅಕ್ಷರಗಳನ್ನು ಇಟ್ಟು ಅಷ್ಟನ್ನೇ ತೆಗೆಯುತ್ತಿದ್ದರು. ಇಡೀ ಆಟದ 100 ಬಿಲ್ಲೆಗಳಲ್ಲಿ ಎಸ್ ಇರುವುದು ನಾಲ್ಕು, ಯಾವ ಅಕ್ಷರವಾಗಿಯೂ ಬಳಸಬಹುದಾದ ಖಾಲಿ ಬಿಲ್ಲೆ ಎರಡು. ಹೆಚ್ಚು ಬಿಲ್ಲೆ ತೆಗೆದವರ ಕೈಗೆ ಇವು ಸೇರುವ ಸಂಭವ ಹೆಚ್ಚು, ಮತ್ತು ಅಂದು ಆದದ್ದೂ ಅದೇ.

ನಡುವೆ ನನಗೆ ಎಕ್ಸ್ ಬಂತು. ಅಕ್ಷರದ ಬೆಲೆಯನ್ನು ಮೂರು ಪಟ್ಟು ಮಾಡುವ ಒಂದು ಚೌಕ ತೆರೆದಿತ್ತು, ಅದರ ಮೇಲಿನ ಚೌಕದಲ್ಲಿ ಎ ಕುಳಿತಿತ್ತು. ಎಕ್ಸ್ ಅನ್ನು ಅಲ್ಲಿಟ್ಟು ಅದರ ಬಲಕ್ಕೆ ಐ ಇಟ್ಟಿದ್ದರೆ ಮೇಲಿನಿಂದ ಕೆಳಕ್ಕೆ ಎ-ಎಕ್ಸ್, ಅಡ್ಡಕ್ಕೆ ಎಕ್ಸ್-ಐ ಎಂಬ ಎರಡು ಪದಗಳಾಗುತ್ತಿದ್ದವು. ಎರಡೂ ಸ್ಕ್ರ್ಯಾಬಲ್ ನಿಘಂಟಿನಲ್ಲಿವೆ. ಎಕ್ಸ್‌ನ ಬೆಲೆ 8, ಮೂರು ಪಟ್ಟಾದರೆ 24, ಜೊತೆಯ ಅಕ್ಷರಕ್ಕೆ 1. ಪದವೊಂದಕ್ಕೆ 25ರಂತೆ ಒಟ್ಟು 50. ಎರಡೇ ಬಿಲ್ಲೆಗಳಿಂದ, ಅದೇ ಸರದಿಯಲ್ಲಿ, ನಾನು ಕಾಯುತ್ತಿದ್ದ ಬೋನಸ್ಸಿನಷ್ಟೇ ಅಂಕ! ಆದರೆ ಐ ಹೋದರೆ ನನ್ನ ಪದಾಂತ್ಯ ಒಡೆಯುತ್ತದೆಂದು ಅದನ್ನು ಬಿಟ್ಟೆ. ಮರುಸರದಿಯಲ್ಲೇ ಎದುರಾಳಿ ಆ ಚೌಕವನ್ನು ಮುಚ್ಚಿದರು, ನನ್ನ ಎಕ್ಸ್ ಮುಂದೆ ಅಗ್ಗದ ಜಾಗವೊಂದರಲ್ಲಿ ಖರ್ಚಾಯಿತು.

ಕೊನೆಗೂ ಉಳಿದ ನಾಲ್ಕು ಬಿಲ್ಲೆಗಳು ಟಿ, ಇ, ಎ, ಆರ್ ಆಗಿ, ‘ಟೇರಿಂಗ್’ ಎಂಬ ಪದ ಕೂಡಿಬಂತು. ಬೋರ್ಡಿನಲ್ಲಿ ಅದನ್ನು ಇಡಲು ಎಲ್ಲಿಯೂ ಜಾಗವಿರಲಿಲ್ಲ. ಬೋರ್ಡಿನ ಕಟ್ಟಕಡೆಯ ಸಾಲಿನಲ್ಲಿ ಒಂದು ಎಲ್ ಇತ್ತು, ಅದರ ಮೇಲೆ ಏಳು ಚೌಕಗಳು ಖಾಲಿಯಿದ್ದವು. ಆದರೆ ಎಲ್‌ನಲ್ಲಿ ಮುಗಿಯಬೇಕಾದ ಪದ ಐ-ಎನ್-ಜಿಯಲ್ಲಿ ಮುಗಿಯುವುದು ಹೇಗೆ ಎಂದು ಆ ಕಡೆ ಮತ್ತೆ ನೋಡಲೇ ಇಲ್ಲ. ಅದೇ ಏಳು ಅಕ್ಷರಗಳಿಗೆ ಎಲ್ ಸೇರಿದರೆ ‘ಇಂಟೆಗ್ರಲ್’ ಆಗುತ್ತದೆ, ಮತ್ತು ಅದು ಅಲ್ಲಿ ಸರಿಯಾಗಿ ಕೂರುತ್ತಿತ್ತು. ಎಲ್ ಬೇರೆಡೆ ಇದ್ದಿದ್ದರೆ ‘ಟ್ರಯಾಂಗಲ್’, ‘ಆಲ್ಟರಿಂಗ್’, ‘ರಿಲೇಟಿಂಗ್’ ಸಾಧ್ಯವಿದ್ದವು. ಎಲ್ ಇಲ್ಲದೆಯೇ ‘ಗ್ರಾನೈಟ್’ ಇತ್ತು. ಮೂರು ಬಿಲ್ಲೆಗಳನ್ನು ಬಲತುದಿಗೆ ಅಂಟಿಸಿಟ್ಟಿದ್ದ ನನಗೆ ಅವು ಪದದ ನಡುವೆಯೂ ಚದುರಿ ಕೂರಬಲ್ಲವೆಂಬುದು ಹೊಳೆಯಲಿಲ್ಲ. ಸೋಲಿನ ಅಂತರ ಬಿಟ್ಟುಕೊಟ್ಟ ಆ 50 ಅಂಕಗಳಿಗಿಂತ ಕಡಿಮೆಯಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡದಲ್ಲಿರುವ ನಂಬಿಕೆಯನ್ನೇ ನಾನು ಒಪ್ಪುವುದಿಲ್ಲ. ಪದಾಂತ್ಯಗಳು ತಾವಾಗಿ ಅಂಕ ತರುವುದಿಲ್ಲ. ಈ ಆಟವನ್ನು 1930ರ ದಶಕದಲ್ಲಿ ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಹೆಚ್ಚು ಬಳಕೆಯ ಅಕ್ಷರಗಳಿಗೆ ಕಡಿಮೆ ಬೆಲೆ ಕಟ್ಟಿದರು. ಸಾಮಾನ್ಯ ಪದಾಂತ್ಯಗಳು ಕೂಡಿರುವುದೇ ಅಂಥ ಅಕ್ಷರಗಳಿಂದ: ಐ-ಎನ್-ಜಿಗೆ ಒಟ್ಟು 4 ಅಂಕ, ಇ-ಡಿಗೆ 3, ಐ-ಒ-ಎನ್‌ಗೆ 3, ಇ-ಆರ್‌ಗೆ ಕೇವಲ 2. ಬಹುವಚನ ಮಾಡುವುದು ತೀರಾ ಸುಲಭವಾಗಬಾರದೆಂದೇ ಎಸ್‌ಗಳನ್ನು ಅವರು ನಾಲ್ಕಕ್ಕೆ ಮಿತಿಗೊಳಿಸಿದರು. ಎಂದರೆ ನೀವು ಕಂಠಪಾಠ ಮಾಡಹೊರಟಿರುವುದು ಆಟದ ಅತ್ಯಂತ ಅಗ್ಗದ ಅಕ್ಷರಗಳ ಪಟ್ಟಿಯನ್ನು.

ಅವುಗಳಿಂದ ಲಾಭವಾಗುವುದು ಏಳು ಬಿಲ್ಲೆಗಳ ಬೋನಸ್ ಬಂದಾಗ, ಇಲ್ಲವೇ ಬೋರ್ಡಿನ ಮೇಲಿರುವ ಪದದ ತುದಿಗೆ ಒಂದು ಅಕ್ಷರ ಸೇರಿಸಿ ಅದೇ ಅಕ್ಷರದ ಮೂಲಕ ಅಡ್ಡಲಾಗಿ ಮತ್ತೊಂದು ಪದ ಕಟ್ಟಿದಾಗ. ಆಟಗಾರರು ಹುಕ್ ಎನ್ನುವ ಈ ಎರಡನೆಯದನ್ನು ಮೊದಲು ಕಲಿಯಿರಿ, ಏಕೆಂದರೆ ಅದು ಅದೃಷ್ಟವನ್ನು ಕಾಯುವುದಿಲ್ಲ ಮತ್ತು ಎರಡೂ ಪದಗಳ ಅಂಕ ನಿಮಗೇ ಸಿಗುತ್ತದೆ. ಎಸ್ ಒಂದೇ ಅಲ್ಲ. ‘ಹ್ಯಾಂಡ್’ಗೆ ವೈ ಸೇರಿಸಿ ‘ಹ್ಯಾಂಡಿ’ ಮಾಡಿದರೆ ಆ ವೈಗೇ 4 ಅಂಕ. ಇದಕ್ಕೆ ಬೇಕಾದುದು ಪದಾಂತ್ಯಗಳ ಪಟ್ಟಿಯಲ್ಲ, ಯಾವ ಪದಕ್ಕೆ ಯಾವ ಅಕ್ಷರ ಹತ್ತುತ್ತದೆ ಎಂಬ ತಿಳಿವಳಿಕೆ. ‘ಮೇಕ್’ ಪದಕ್ಕೆ ಆರ್ ಮತ್ತು ಎಸ್ ಹತ್ತುತ್ತವೆ, ಡಿ ಹತ್ತುವುದಿಲ್ಲ. ಊಹಿಸಿ ಡಿ ಇಟ್ಟಾಗ ಎದುರಾಳಿ ಚಾಲೆಂಜ್ ಮಾಡಿದರೆ ಬಿಲ್ಲೆಗಳನ್ನು ಹಿಂತೆಗೆದುಕೊಳ್ಳಬೇಕು, ಆ ಸರದಿಗೆ ಸೊನ್ನೆ.

ಇ-ಆರ್ ಅಥವಾ ಇ-ಡಿಯನ್ನು ಒಂದೆರಡು ಸರದಿ ಉಳಿಸಿಕೊಂಡರೆ ತೊಂದರೆಯಿಲ್ಲ, ಅವು ಹಿಡಿಯುವುದು ಎರಡೇ ಜಾಗ. ಬಿಟ್ಟುಕೊಟ್ಟರೂ ನಷ್ಟವಿಲ್ಲ, ಇ ಬಿಲ್ಲೆಗಳೇ 12 ಇವೆ. ಐ-ಎನ್-ಜಿಯ ವಿಷಯದಲ್ಲಿ ಮಾತ್ರ ನಾನು ಕಠಿಣ: ಉಳಿದ ನಾಲ್ಕು ಬಿಲ್ಲೆಗಳು ಮುಂದಿನ ಸರದಿಯಲ್ಲಿ ಕೂಡುವ ಸ್ಪಷ್ಟ ಸೂಚನೆ ಇಲ್ಲದಿದ್ದರೆ ಜಿಯನ್ನು ಆಡಿಬಿಡಿ, ಐ ಮತ್ತು ಎನ್ ಬೇರೆ ನೂರಾರು ಪದಗಳಿಗೆ ಒದಗುತ್ತವೆ. ಬಿಲ್ಲೆಗಳನ್ನು ರ‍್ಯಾಕಿನಲ್ಲಿ ಪ್ರತಿ ಸರದಿಯೂ ಕಲಸಿ ಜೋಡಿಸಿ, ಯಾವ ಮೂರೂ ಒಂದೇ ಕಡೆ ನೆಲೆ ನಿಲ್ಲದಿರಲಿ. ಏನೂ ಕೂಡದಿದ್ದರೆ ಸರದಿಯನ್ನು ಬಿಟ್ಟುಕೊಟ್ಟು ಬಿಲ್ಲೆಗಳನ್ನು ಬದಲಾಯಿಸಿಕೊಳ್ಳಬಹುದು, ಆದರೆ ಚೀಲದಲ್ಲಿ ಏಳಾದರೂ ಉಳಿದಿರುವಾಗ ಮಾತ್ರ ಅದಕ್ಕೆ ಅವಕಾಶ. ಆದ್ದರಿಂದ ಆ ನಿರ್ಧಾರವನ್ನು ಆಟದ ಮಧ್ಯದಲ್ಲೇ ಮಾಡಿ.