ಜಗಳಗಂಟ ಅಂತ ಯಾರು ಹೇಳಿದ್ದು?

ಪ್ರಶ್ನೆ: ಮೇಡಂ, ನಮ್ಮೂರ ಸರ್ಕಾರಿ ಶಾಲೆಗೆ ಹೊಸ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ರಚನೆ ಆಗಬೇಕು. ಅಧ್ಯಕ್ಷರಾಗಲು ಮೂವರು ಓಡಾಡುತ್ತಿದ್ದಾರೆ. ಪೋಷಕರನ್ನು ವಿಚಾರಿಸಿಕೊಂಡು ಬನ್ನಿ ಎಂದು ಹೆಡ್‌ಮಾಸ್ಟರು ನನಗೆ ಹೇಳಿದ್ದಾರೆ. ಸಭೆಯಲ್ಲಿ ಎಲ್ಲರೂ ‘ನೀವು ಹೇಳಿದ ಹಾಗೆ’ ಅಂತಾರೆ, ಹೋಟೆಲ್ ಮುಂದೆ ಮೂವರನ್ನೂ ಬೈತಾರೆ. ಯಾವುದನ್ನು ನಂಬಲಿ?
– ಒಬ್ಬ ತಂದೆ, ಹಿರಿಯೂರು ತಾಲ್ಲೂಕು

ಉತ್ತರ: ಎರಡನ್ನೂ ನಂಬಬೇಡಿ. ‘ಇವರು ಹೇಗೆ?’ ಎಂದು ಕೇಳಿದರೆ ಜಾತಿ, ಪಕ್ಷ, ಅಜ್ಜನ ಕಾಲದ ಹೊಲದ ಬದು ಎಲ್ಲ ಸೇರಿಕೊಂಡೇ ಉತ್ತರ ಬರುತ್ತದೆ. ಕೆಲಸ ಕೇಳಿ. ಹೋದ ವರ್ಷ ಶಾಲೆಗೆ ಯಾವಾಗ ಬಂದಿದ್ದರು? ಬಂದು ಏನು ಮಾಡಿದರು? ನೀವೇ ಕಂಡಿದ್ದಾ, ಯಾರೋ ಹೇಳಿದ್ದಾ? ಮೂವರ ಬಗ್ಗೆಯೂ ಇದೇ ಪ್ರಶ್ನೆ. ಯಾರೋ ಹೇಳಿದ್ದಾದರೆ ಬರೆದುಕೊಳ್ಳಲೇಬೇಡಿ.

ನಾನು ಮುಖ್ಯಶಿಕ್ಷಕಿಯಾಗಿದ್ದ ಊರಲ್ಲಿ ಒಬ್ಬರಿಗೆ ‘ಜಗಳಗಂಟ’ ಎಂಬ ಹೆಸರು ಬಿದ್ದಿತ್ತು. ಬಿಡಿಸಿ ಕೇಳಿದಾಗ ಗೊತ್ತಾಯಿತು: ಬಿಸಿಯೂಟದ ತೊಗರಿಬೇಳೆಗೆ ಹುಳ ಬಿದ್ದಿತ್ತು, ಆತ ಚೀಲವನ್ನೇ ಹೊತ್ತು ತಂದು ಆಫೀಸ್ ರೂಮಿನ ಬಾಗಿಲಿಗೆ ಇಟ್ಟು, ಬೇಳೆ ಬದಲಾಗುವ ತನಕ ಅಲ್ಲೇ ಕೂತಿದ್ದರು. ಅದೊಂದೇ ಜಗಳ. ಅಂಥ ಜಗಳಗಂಟರು ಶಾಲೆಗೊಬ್ಬರಾದರೂ ಬೇಕು ಅನ್ನುವವಳು ನಾನು.

ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಬರುವವರು ಬಿಡುವಿರುವ ಗಂಡಸರು. ಕೂಲಿಗೆ ಹೋದ ತಾಯಂದಿರು ಎಲ್ಲಿಂದ ಬಂದಾರು? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ನೀವು ಮಾತಾಡಿಸುವವರಲ್ಲೂ ಅರ್ಧ ಹೆಂಗಸರಿರಲಿ. ಸಂಜೆ ಮನೆಗೇ ಹೋಗಿ, ಜೊತೆಗೆ ಅಂಗನವಾಡಿ ಟೀಚರೋ ಸ್ತ್ರೀಶಕ್ತಿ ಸಂಘದವರೋ ಇರಲಿ. ಅತ್ತೆಯೂ ಗಂಡನೂ ಜಗಲಿ ಮೇಲೆ ಕೂತಿದ್ದರೆ ಸೊಸೆ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ, ಜೊತೆಗೆ ಬಂದ ಹೆಂಗಸಿನ ಹತ್ತಿರ ಒಳಗೆ ಅಡುಗೆಮನೆಯಲ್ಲಿ ಹೇಳುತ್ತಾಳೆ. ಬಿಸಿಯೂಟದ ಅಡುಗೆಯವರನ್ನು ಮರೆಯಬೇಡಿ. ಶಾಲೆಗೆ ಯಾರು ಬರುತ್ತಾರೆ, ಯಾರು ಫೋಟೊಗೆ ಮಾತ್ರ ಬರುತ್ತಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಹಣದ ದೂರು ಬಂದರೆ ಮುಚ್ಚಿಡುವ ಹಾಗಿಲ್ಲ, ಮುಖ್ಯಶಿಕ್ಷಕರ ಜೊತೆ ಶಾಲೆಯ ಖಾತೆಗೆ ಸಹಿ ಮಾಡುವವರು ಅಧ್ಯಕ್ಷರೇ. ದೂರು ಕೊಟ್ಟವರ ಹೆಸರು ಬಿಟ್ಟು, ಯಾವ ಕೆಲಸ, ಯಾವ ದುಡ್ಡು ಎಂಬುದನ್ನು ಆ ವ್ಯಕ್ತಿಗೇ ತಿಳಿಸಿ. ಅವರ ಉತ್ತರವನ್ನೂ ಬರೆದುಕೊಂಡು ಎರಡನ್ನೂ ಒಟ್ಟಿಗೆ ಸಭೆಯಲ್ಲಿ ಓದಿ.

ಅಂದಹಾಗೆ, ಆ ಮೂವರಲ್ಲಿ ನಿಮ್ಮ ನೆಂಟರು ಯಾರಾದರೂ ಇದ್ದಾರಾ? ಪತ್ರದಲ್ಲಿ ಬರೆದಿಲ್ಲ. ಇದ್ದರೆ ಈ ಕೆಲಸ ಬೇರೆಯವರಿಗೆ ಬಿಟ್ಟುಕೊಡಿ.