ಪ್ರತಿಕ್ರಿಯೆ: ಅಮ್ಮನ ಕೈಸಾಲ ತೀರಿಸೋಕೆ ಸಂಘದ ಸಾಲ ತಗೊಳ್ಳಬಹುದಾ?

ಮೂಡಿಗೆರೆ ಹತ್ತಿರ ತೋಟದ ಕೆಲಸಕ್ಕೆ ಹೋಗುವ ಅಮ್ಮ ನೂರಕ್ಕೆ ಐದು ರೂಪಾಯಿ ಬಡ್ಡಿಗೆ 20 ಸಾವಿರ ತಂದಿದ್ದಾರೆ, ಸಂಘದ ಹೆಸರಲ್ಲಿ ಮೈಕ್ರೋಫೈನಾನ್ಸ್‌ನವರು ಕೊಡುವ ವಾರದ ಕಂತಿನ ಸಾಲ ತೆಗೆದು ಅದನ್ನು ತೀರಿಸಬಹುದಾ ಅಂತ ಕೇಳಿದ್ದೀರಿ.

ಮೊದಲು ಲೆಕ್ಕ ನೋಡಿ. ತಿಂಗಳಿಗೆ ಸಾವಿರ ಬಡ್ಡಿ ಅಂದರೆ ವರ್ಷಕ್ಕೆ 12 ಸಾವಿರ, ಶೇಕಡ 60. ಅಸಲು ಒಂದು ರೂಪಾಯಿಯೂ ಇಳಿಯಲ್ಲ. ಅದೇ ಊರಲ್ಲಿ ಪಹಣಿ ಇರುವವರಿಗೆ ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಇದೆ, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಆಯ್ತು. ಆ ಬೆಳೆ ಕೊಯ್ಯುವ ಹೆಂಗಸಿಗೆ ಜಮೀನಿಲ್ಲ, ಹಾಗಾಗಿ ಆ ಸಾಲವೂ ಇಲ್ಲ. ಇದು ನನಗೆ ನಿಜಕ್ಕೂ ಅನ್ಯಾಯ ಅನ್ನಿಸುತ್ತದೆ.

ವಾರದ ಕಂತಿನ ಸಾಲದ ಬಡ್ಡಿ ಕೈಸಾಲಕ್ಕಿಂತ ಕಡಿಮೆ, ನಿಜ. ಆದರೆ ಕಾಫಿ ಕೊಯ್ಲು ಇರೋದು ಹೆಚ್ಚಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ. ಜುಲೈನಲ್ಲಿ ಮಳೆ ಹಿಡಿದು ಕೆಲಸ ನಿಂತಾಗಲೂ ಕಂತಿನವರು ಬಾಗಿಲಿಗೆ ಬರುತ್ತಾರೆ. ಆಗ ಕಂತು ಕಟ್ಟೋಕೆ ಇನ್ನೊಂದು ಸಾಲ. ತುಂಬಾ ಮನೆಗಳು ಮುಳುಗೋದು ಇಲ್ಲೇ.

ಅಮ್ಮನ ಹತ್ತಿರ ಓಲೆಯೋ ಉಂಗುರವೋ ಇದ್ದರೆ ಬ್ಯಾಂಕಿನಲ್ಲೇ ಅಡವಿಟ್ಟು ಕೈಸಾಲ ಮುಗಿಸಿ. ಬಡ್ಡಿ ಎಷ್ಟೋ ಕಡಿಮೆ. ಚಿನ್ನ ಇಲ್ಲದಿದ್ದರೆ ಸ್ತ್ರೀಶಕ್ತಿ ಸಂಘದಲ್ಲಿ ಕೇಳಿ. ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದನ್ನು ಅಸಲಿಗೇ ಹಾಕಿ.

ಬೇರೆ ದಾರಿಯೇ ಇಲ್ಲದೆ ಕಂತಿನ ಸಾಲ ತೆಗೆದರೆ ಇದು ಗೊತ್ತಿರಲಿ: ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮನೆಯ ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೆದರಿಸಿದರೆ ಪೊಲೀಸರಿಗೆ ದೂರು ಕೊಡಿ, ಅದಕ್ಕೆ 2025ರಲ್ಲಿ ರಾಜ್ಯ ಸರ್ಕಾರವೇ ಕಾನೂನು ತಂದಿದೆ.